ಷರಾ

ಡೋಣಿ ಹರಿದರ ಓಣೆಲ್ಲಾ ಜ್ವಾಳ ಅಂತಾರ.
ಆ ವರ್ಷ ಹರಿದಾಗ ತಾಳಿಕೋಟಿ ಪುರಸಭಾದ
ಹಿಂದಿನ ಖೋಲಿಗೆ ನೀರು ಹೊಕ್ಕು
ಓಣಿ ತುಂಬ ನಾವು ವಹಿ ಒಣಗ ಹಾಕಿದ್ವಿ.
ಹಾಸುಗಲ್ಲಿನ ಮ್ಯಾಲ ಮನಿ ಕರ, ಕಟ್ಟಿ ಮ್ಯಾಲ ನಳದ ಕರ,
ಮರಣದ ವಹಿಗೆ ಮಾತ್ರ ನೆರಳು ಬೇಕಂತ
ಬೇವಿನ ಗಿಡದ ಬುಡಕ.
ದನ ಬಂದು ಮೇದಾವಂತ ಕೋಲು ಹಿಡಿದು ಕುಂತಾಂವ
ಶಿಪಾಯಿ ಹುಸೇನಸಾಬ ನಾಲಬಂದ.

ಅದು ಹಳೇ ಮಾತು. ಈಗ ಮ್ಯಾಲಿನಿಂದ ಕಾಗದ ಬಂದೈತಿ:
ಮಾರ್ಚ್ ಮುಗಿಯೂದ್ರಾಗ ಖೋಲಿ ಖುಲ್ಲಾ ಆಗಬೇಕು,
ಕಂಪ್ಯೂಟರ್ ಇಡಾಕ.

ಎ ಅಂದ್ರ ಎಂದೆಂದಿಗೂ.
ಬಿ ಅಂದ್ರ ಮೂವತ್ತು. ಸಿ ಅಂದ್ರ ಹತ್ತು.
ಡಿ ಐದು, ಇ ಒಂದ ವರ್ಷ.
ಇಪ್ಪತ್ತೇಳು ವರ್ಷ ಇದನ್ನ ಮಗ್ಗಿ ಹಂಗ ಅಂದೇನಿ.
ಯಾವ ಕಾಗದ ಎಷ್ಟು ಬದುಕಬೇಕು
ಅಂತ ಹೇಳೂದು ದೊಡ್ಡ ಕೆಲಸ ಏನಲ್ಲ,
ರಟ್ಟಿನ ಮ್ಯಾಲ ಕೆಂಪು ಮಸಿಲೆ ಬರದಿರತೈತಿ.
ಒರಲಿ ಅದನ್ನ ಓದೂದಿಲ್ಲ, ಅಷ್ಟ.
ಎ ತಿಂದು ಇ ಬಿಟ್ಟು ಹೋಗಿದ್ದೂ ಐತಿ.

ಮೋಡಿ ಅಕ್ಷರದ ಎರಡು ರುಮಾಲು ಅದಾವ.
ಓದಾಂವ ವೆಂಕೋಬರಾಯ ಒಬ್ಬಾಂವ ಇದ್ದ;
ಈಗ ಅವನೂ ಒಂದು ವಹಿಯೊಳಗ ಒಂದು ಸಾಲು.
ಏನೈತಿ ಅಂತ ತಿಳಿಯದ್ದನ್ನ ಒಗಿಯಾಕ ಧೈರ್ಯ ಬೇಕು.
ಯಾರಿಗೂ ಬರಲಿಲ್ಲ. ಎ ಅಂತ ಬರದು ಮ್ಯಾಲ ಇಟ್ಟೇವಿ.

ಇವತ್ತು ಎಂಟನೇ ಕಪಾಟು.
ರುಮಾಲಿನ ಗಂಟು ಹಲ್ಲಿಲೇ ಬಿಚ್ಚಬೇಕಾತು.
ಒಳಗ ಪುಡಿಯಾದ ಬೇವಿನೆಲಿ, ಒಣಗಿದ ಒಂದು ಝರಿ,
ಸೈಕಲ್ ತೆರಿಗಿ ವಹಿ, ಸಾವಿರದ ಒಂಬೈನೂರಾ ಎಪ್ಪತ್ತೊಂದು.
ಡಿ. ಐದು ವರ್ಷ.
ಅಂದ್ರ, ನನಗ ಐದು ತುಂಬಿದ ವರ್ಷ
ಇದು ಸಾಯಬೇಕಿತ್ತು. ಯಾರಿಗೂ ನೆನಪಾಗಲಿಲ್ಲ.

ಬಿಲ್ಲೆ ಎರಡುನೂರಾ ಹದಿನಾಲ್ಕು: ಗುರುಪಾದಪ್ಪ ಸಜ್ಜನ, ಗಾಣದ ಓಣಿ.
ಹದಿನೈದು: ಟಪಾಲಿನ ಯಮನಪ್ಪ ದೊಡಮನಿ.
ಹದಿನಾರು: ಖಾಜಾಹುಸೇನ ಬಳಿಗಾರ, ಹಿಂದ ಪೆಟ್ಟಿಗಿ ಕಟ್ಟಿದ್ದು.
ಹದಿನೇಳು: ನರ್ಸಬಾಯಿ ಸಲೋಮಿ ಬೆಂಜಮಿನ್, ಸರಕಾರಿ ದವಾಖಾನಿ.
ಮುಂದ ಸಣ್ಣ ಅಕ್ಷರದಾಗ: ಲೇಡೀಸ್.
ಇಡೀ ವಹಿಯೊಳಗ ಅದೊಂದ.

ಈ ಹೆಸರು ನನಗ ಗೊತ್ತು.
ಮೂರನೇ ಕಪಾಟಿನ ಜನನದ ವಹಿಯೊಳಗ
ನನ್ನ ಸಾಲಿನ ತುದಿಗೆ ಆಕಿ ಸಹಿ ಐತಿ.
ಅವ್ವ ಹೇಳತಿದ್ದಳು: ಶ್ರಾವಣದ ಜಡಿ, ಕಂದೀಲು ಆರಿತ್ತು,
ರಾತ್ರಿ ಎರಡಕ್ಕ ಅಂಗಳದಾಗ ಗಂಟಿ ಟ್ರಿಣ್ ಅಂತು.
ಎರಿ ಮಣ್ಣು ಮೆತ್ತಿ ಗಾಲಿ ತಿರಗವಲ್ದು,
ಅರ್ಧ ದಾರಿ ಸೈಕಲ್ಲ ಹೆಗಲ ಮ್ಯಾಲ ಹೊತ್ತಿದ್ದಳಂತ,
ದಾರ್ಯಾಗ ಬಿಟ್ಟು ಬರಾಕ ಮನಸಾಗದ.
ಬಿಲ್ಲೆ ಹೊಸಾದು, ಕಳುವಾದೀತು.

ನಾ ಹುಟ್ಟಿದ್ದು ಎಂದೆಂದಿಗೂ.
ಆಕಿ ಬಂದ ಸೈಕಲ್ಲು ಐದು ವರ್ಷ.

ಮನಿಗೆ ಒಯ್ಯಬಹುದಿತ್ತು.
ಸೆರಗಿನಾಗ ಮುಚ್ಚುವಷ್ಟು ತೆಳ್ಳಗ.
ಒಯ್ಯಲಿಲ್ಲ. ಯಾಕಂದ್ರ ಹೇಳಾಕ ಬರೂದಿಲ್ಲ;
ಇಷ್ಟು ವರ್ಷದಾಗ ಒಂದು ಟಾಚಣಿ ಒಯ್ದಾಕಿ ಅಲ್ಲ.

ಹರಿಯದ ವಹಿ ಮಾರಬಾರದು, ನಿಯಮ.
ಹುಸೇನಸಾಬ ನಟ್ಟನಡುವ ಹರದ.
ಹಳೇ ಕಾಗದ, ಸಪ್ಪಳ ಸೈತ ಮಾಡಲಿಲ್ಲ.
ರದ್ದಿಯಾಂವ ತಕ್ಕಡಿ ಹಚ್ಚಿದ: ನಾಲ್ವತ್ತೊಂದು ಕಿಲೋ.
"ಬಾಯಾರ, ಬೇವಿನೆಲಿ ತೂಕ ಕಳೀಲೇನು?"

ನಾಶ ಮಾಡಿದ ಕಾಗದಗಳ ಪಟ್ಟಿ,
ಅದು ಮಾತ್ರ ಎ. ಅದನ್ನ ನಾಶ ಮಾಡೂಹಂಗಿಲ್ಲ.
ಅನುಕ್ರಮ, ಹೆಸರು, ವರ್ಷ, ವರ್ಗ,
ಕಡೀಕ ಷರಾ ಅಂತ ಒಂದು ಕಾಲಂ,
ಎಲ್ಲಾರೂ ಅಲ್ಲೆ ಅಡ್ಡ ಗೆರಿ ಎಳೀತಾರ.
ನಾನೂ ಎಳದೆ, ನೂರಾ ಮೂವತ್ತಾರು ಸಾಲು.
ನೂರಾ ಮೂವತ್ತೇಳಕ್ಕ ಬರದೆ:
ಬಿಲ್ಲೆ ೨೧೭. ಲೇಡೀಸ್. ಮಳಿಯೊಳಗ ಹೊತ್ತು ತಂದದ್ದು.

ಸಾಹೇಬ್ರು ನೋಡದ ಸಹಿ ಹಾಕಿದ್ರು.
ರದ್ದಿ ಮಾರಿದ ಪಾವತಿ ಸಿ, ಹತ್ತು ವರ್ಷ.
ಹೊಸ ರುಮಾಲು ಸ್ಟೋರಿನಾಗ ಮುಗದಾವ;
ಹಳೇದನ್ನ ಝಾಡಿಸಿ ಅದರಾಗ ಕಟ್ಟಿಟ್ಟೆ.