ಗೆರೆಯಿಲ್ಲದ ಹೆಬ್ಬೆಟ್ಟು

ಶನಿವಾರ ರಾತ್ರಿ ಪಾಠ ಓದಿ ನೋಡಿಕೊಂಡೆ, ಎರಡು ಸಲ.
ಗಂಟಲಲ್ಲಿ ಕಫ; ಕರುಣಾವತಿ ಮೆಣಸು ಜಜ್ಜಿ ಕೊಟ್ಟಳು.
ಯಾಕೋಬನ ಪತ್ರಿಕೆ, ಐದನೆಯ ಅಧ್ಯಾಯ. ಮೂರು ನಿಮಿಷ ಸಾಕು.
'ಇಗೋ' ಎಂಬಲ್ಲಿ ಸ್ವಲ್ಪ ನಿಲ್ಲಬೇಕು ಅಂದುಕೊಂಡೆ,
ನನ್ನ ಧ್ವನಿಗೆ ಅದು ಒಪ್ಪುತ್ತದೆ.
ಗುರುತಿಗೆ ಕೈಗೆ ಸಿಕ್ಕ ಚೀಟಿಯೊಂದು ಇಟ್ಟು ಮಲಗಿದೆ.

ಶಿಡ್ಲಘಟ್ಟದ ಗಾಳಿಗೆ ಭಾನುವಾರವೂ ಬೆಂದ ಹುಳದ ವಾಸನೆ.
ಗುಡಿಗೂ ಮಸೀದಿಗೂ ನಮ್ಮ ಚರ್ಚಿಗೂ ಒಂದೇ,
ಅತ್ತರು ಹಾಕಿದರೂ ಅಂಗಿಯಿಂದ ಅದೇ ಏಳುತ್ತದೆ.
ನಮ್ಮ ಅನ್ನದ ವಾಸನೆ ಕಣೋ ಅನ್ನುತ್ತಿದ್ದರು ಅಪ್ಪ,
ಚರಕ ತಿರುಗಿಸುತ್ತಲೇ ಸತ್ತವರು, ಇನ್ನೊಬ್ಬರ ಚರಕ.
ನನಗೆ ಸ್ವಂತದ್ದಿದೆ: ಎಂಟು ಬೇಸನ್ನು, ಒಂದು ಬಾಯ್ಲರು,
ಎಂಟು ಹೆಂಗಸರು,
ಎಂಟು ಚೀಟಿ.

ಪೀಠದ ಮುಂದೆ ನಿಂತು ಪುಸ್ತಕ ತೆರೆದೆ.
ಚೀಟಿ ಅಡ್ಡ ಮಲಗಿತ್ತು, ನಾಲ್ಕನೆಯ ವಚನವನ್ನು ಮುಚ್ಚಿಕೊಂಡು.
ನನ್ನದೇ ಅಕ್ಷರ:
ಜುಬೇದಾ, ಗಂಡ ಬಾಷಾ, ಮುಂಗಡ ಹದಿನೆಂಟು ಸಾವಿರ,
ತೀರುವವರೆಗೆ ಬೇರೆ ಕಡೆ ಹೋಗತಕ್ಕದ್ದಲ್ಲ.
ಕೆಳಗೆ ನೇರಳೆ ಶಾಯಿಯ ಹೆಬ್ಬೆಟ್ಟು.

ಹೆಬ್ಬೆಟ್ಟು ಅನ್ನಲೇ?
ಗೆರೆಯಿಲ್ಲ, ಸುಳಿಯಿಲ್ಲ,
ಹಣ್ಣು ಬಿದ್ದು ಒಡೆದ ಹಾಗೆ ಒಂದು ಕಲೆ.
ಇಪ್ಪತ್ತೆರಡು ವರ್ಷ ಕುದಿನೀರಲ್ಲಿ
ಎಳೆಯ ತುದಿ ಹುಡುಕಿ ಹುಡುಕಿ
ಬೆರಳೇ ಗೂಡಾಗಿ
ತನ್ನ ಎಳೆಯನ್ನೆಲ್ಲ ಬಿಟ್ಟುಕೊಟ್ಟಿದೆ.

ಹೋದ ಮಂಗಳವಾರ ಬಂದು ನಿಂತಿದ್ದಳು, ಸೆರಗು ಹಲ್ಲಲ್ಲಿ ಕಚ್ಚಿ:
'ಸಾಮೇಲಣ್ಣ, ಸೊಸೈಟಿ ಮಿಷಿನ್ನು ನನ್ನ ಬೆಟ್ಟು ತಗೊಳ್ಳಲ್ಲ ಅಂತದೆ.
ಮೂರು ತಿಂಗಳಾಯ್ತು, ಅಕ್ಕಿ ಇಲ್ಲ.
ನಾನೇ ನಾನಲ್ಲ ಅಂತದೆ ಅಣ್ಣ.'
ನಾನು ಲೆಕ್ಕದಲ್ಲಿದ್ದೆ. ಗೂಡಿನ ರೇಟು ಏರಿತ್ತು.
'ದೇವರಿದಾನೆ, ಪ್ರಾರ್ಥನೆ ಮಾಡ್ತೀನಿ ಹೋಗಮ್ಮ' ಅಂದೆ.
ಮಾಡಿಯೂ ಮಾಡಿದೆ, ಸುಳ್ಳೇಕೆ, ಅವತ್ತು ರಾತ್ರಿ, ಮೊಣಕಾಲೂರಿ.
ಇದೇ ಪತ್ರಿಕೆಯಲ್ಲಿ, ಎರಡು ಹಾಳೆ ಹಿಂದೆ,
ಹಸಿದವರಿಗೆ ಬಾಯಿಮಾತಲ್ಲೇ ಬಡಿಸಿ ಕಳಿಸುವವನೊಬ್ಬ ಇದ್ದಾನೆ.
ಅದನ್ನೂ ನಾನೇ ಓದಿದ್ದೆ, ಕೊಯ್ಲಿನ ಹಬ್ಬದಂದು.
ಓದಿ ಇಳಿದು, ಹರಾಜಿನಲ್ಲಿ
ಒಂದು ಕುಂಬಳಕಾಯಿಗೆ ಎರಡು ಸಾವಿರ ಕೂಗಿದ್ದೆ.
ಚಪ್ಪಾಳೆ ಬಿದ್ದಿತ್ತು.

ಸಭೆ ಕಾಯುತ್ತಿತ್ತು.
ಮೇಲೆ ಫ್ಯಾನು, ಚರಕದ್ದೇ ಸದ್ದು.
ಎರಡನೆಯ ಬೆಂಚಿನಲ್ಲಿ ಕರುಣಾವತಿ ಕೆಮ್ಮಿದಳು, ನನ್ನ ಪರವಾಗಿ.
ಚೀಟಿ ಸರಿಸಿದೆ. ಅಲ್ಲೇ ಇತ್ತು:
ಹಿಡಿದಿಟ್ಟ ಕೂಲಿಗೆ ಬಾಯಿ ಬರುತ್ತದಂತೆ.
ಹೊಲ ಕೊಯ್ದವರ ಗೋಳು ಮೇಲಿನವನ ಕಿವಿಗೆ ಬಿದ್ದಿದೆಯಂತೆ.
ಹೊಲ ಅಂತಿದೆಯಲ್ಲ, ಅಂದ ಒಳಗಿನ ವಕೀಲ,
ನಿನ್ನದು ಫಿಲೇಚರು.
'ಇಗೋ' ಎಂಬಲ್ಲಿ ನಿಂತೆ.
ನಿಂತೇ ಇದ್ದೆ.

ಭಾವ ತುಂಬಿ ಓದಿದಿರಿ ಇವತ್ತು,
ಎಂದು ಆಮೇಲೆ ಮೂವರು ಕೈಕುಲುಕಿದರು.
ಅಯ್ಯನವರು ಮಾತ್ರ ಏನೂ ಅನ್ನಲಿಲ್ಲ.

ಸೋಮವಾರ ಸೊಸೈಟಿ ಸಾಲಲ್ಲಿ ನಿಂತೆ, ಜುಬೇದಾಳ ಹಿಂದೆ.
ಹತ್ತು ಬೆರಳಿಗೂ ಕೆಂಪು ದೀಪ.
ಕೂಗಾಡಿದೆ. ನನ್ನ ಕೂಗು ಮೇಲಿನವನಿಗಿರಲಿ,
ಫುಡ್ ಇನ್‌ಸ್ಪೆಕ್ಟರಿಗೂ ಮುಟ್ಟಲಿಲ್ಲ.
ನಾಳೆ ತಾಲ್ಲೂಕು ಕಚೇರಿ. ನಾಡಿದ್ದೂ ಇರಬಹುದು.

ಹೊರಗೆ ಹುಣಸೆ ಮರದಡಿ ಚೀಟಿ ಕೊಟ್ಟು, ಹರಿದುಬಿಡು ಅಂದೆ.
ಹರಿಯಲಿಲ್ಲ ಅವಳು.
'ತೀರಿತು ಅಂತ ಬರೆದುಕೊಡಿ ಅಣ್ಣ, ನಾಳೆ ನಿಮಗೆ ಮರೆತರೆ?'
ಬರೆದೆ.
'ಬೆಟ್ಟೂ ಒತ್ತಿ.'
ಸೊಸೈಟಿಯವನ ಶಾಯಿ ಡಬ್ಬಿ ಬೇಡಿ ತಂದು ಒತ್ತಿದೆ,
ಅವಳ ಕಲೆಯ ಪಕ್ಕದಲ್ಲಿ.
ಗೆರೆಗೆರೆಯೂ ಮೂಡಿತು.
ಒಂದೂ ಸವೆದಿರಲಿಲ್ಲ.

ಏಳು ಚೀಟಿ ಇನ್ನೂ ಮೇಜಿನ ಡ್ರಾದಲ್ಲಿವೆ.
ಕರುಣಾವತಿ ಕೂಡಿ ಕಳೆದು ನೋಡಿ, ನಿದ್ದೆ ಮಾಡಿಲ್ಲ.
ಬರುವ ಭಾನುವಾರದ ಪಾಠ ಆಮೋಸನದು,
ಬೇರೆ ಯಾರಾದರೂ ಓದಲಿ ಅಂದೆ.
ಅಯ್ಯನವರು ಕನ್ನಡಕ ಒರೆಸಿಕೊಂಡು,
'ಪಟ್ಟಿಯಲ್ಲಿ ನಿಮ್ಮ ಹೆಸರೇ ಇದೆ' ಅಂದರು.