ಉತ್ತರ

ಎಲೆಕ್ಷನ್ ಬಂತಂದ್ರ
ತುಳಜಾಸಾ ಕಾಕಾನ ಸೋಡಾ ಅಂಗಡಿಯ ಟೇಬಲ್ಲು
ರಸ್ತಾ ದಾಟತಿತ್ತು.
ಶಾಲಿಯಿಂದ ನೂರು ಮೀಟರ್, ಸುಣ್ಣದ ಗೆರಿಯ ಆಚಿಕಡೆ
ಬೇವಿನ ನೆಳ್ಳಾಗ ಕುಂತು ಚೀಟಿ ಬರಕೊಡತಿದ್ದ.
ಭಾಗ ಇಷ್ಟು, ನಂಬರ ಇಷ್ಟು, ಗಂಡನ ಹೆಸರು ಇಂಥಾದ್ದು.
ರೊಕ್ಕ ಕೊಟ್ಟ ಪಾರ್ಟಿಯ ಚೀಟಿ, ಅಕ್ಷರ ಮಾತ್ರ ಅವನವು.
ತಲಿಮ್ಯಾಲ ದಪ್ಪಗ ಅಚ್ಚಾಗಿರತಿತ್ತು:
ಧಾರವಾಡ ಉತ್ತರ.

ಗೋಲಿ ಒತ್ತಿ ಸೋಡಾ ಕೊಡಾಕಿ ನಾನು, ಎಂಟು ವರ್ಷದಾಕಿ.
ಕಾಕಾ, ಯಾವುದರ ಉತ್ತರ ಇದು?
ಅಂವ ಕಣ್ಣೆತ್ತಲಿಲ್ಲ.
'ಅದನ್ನ ಕೇಳಾಕಂತನ ದಿಲ್ಲಿಗೆ ಮಂದಿ ಕಳಸತೇವಿ.
ಹೋದಾವ್ರು ಇನ್ನೂ ಹೊಳ್ಳಿ ಬಂದಿಲ್ಲ.'

ಅವನಪ್ಪ ಮೊದಲ ಓಟು ಹಾಕಿದ್ದು ಮುಂಬೈ ರಾಜ್ಯದಾಗ,
ಗುರುತಿಗೊಂದು ಪೆಟಗಿ ಇದ್ದಾಗ.
ಮುಂದಿನ ಸಲ ಮೈಸೂರು ರಾಜ್ಯ.
ಅಂವ ಮಾತ್ರ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು
ಕುಂತಲ್ಲೇ ಕುಂತಿದ್ದ.
ರಾಜ್ಯಕ್ಕ ಮೂರು ಹೆಸರಾದವು,
ನಮ್ಮ ಕ್ಷೇತ್ರಕ್ಕ ಒಂದ.

ಕಾಕಾನ ಅಕ್ಕ ಶೇವಂತಾಬಾಯಿ ಶಿಗ್ಗಾಂವಿಯ ಸೊಸಿ,
ಅಂದ್ರ ದಕ್ಷಿಣದಾಕಿ.
'ನಿಮ್ಮ ಉತ್ತರದಾಗ ನಳ ಎಂಟು ದಿನಕ್ಕೊಮ್ಮೆ ಕೆಮ್ಮತೈತಿ.'
'ನಿಮ್ಮ ದಕ್ಷಿಣದಾಗ ಬಸ್ಸರೆ ಎಲ್ಲೈತಿ?'
ಖಾರದ ಸಾರಿಗೆ ಮೂಗು ಒರಸ್ಕೊಂತ
ಇಬ್ರೂ ನಗತಿದ್ರು.

ಎರಡು ಸಾವಿರದ ನಾಕು.
ಮಷೀನು ಪೀಂ ಅಂತು. ಬಟ್ಟಿಗೆ ಮಸಿ ಬಿತ್ತು.
ಇದು ಕಡೀದು ಅಂತ ಯಾರೂ ಹೇಳಲಿಲ್ಲ.
ಉಗುರು ಬೆಳಕೊಂತ ಹೋತು, ಮಸಿ ಅಂಚಿಗೆ ಸರೀತು,
ಒಂದ ಐತವಾರ ಕಟ್ಟಿಮ್ಯಾಲ ಕುಂತು
ಕಾಕಾ ಉಗುರು ತಕ್ಕೊಂಡ.
ಕರೀ ತುಂಡು ಗಟಾರದಾಗ ಬಿತ್ತು.

ಎಲ್ಲೋ ಒಂದು ಕೋಣ್ಯಾಗ ನಕಾಶಿ ಹರವಿದ್ರು.
ಒಂದು ಗೆರಿ ಒರಸಿದ್ರು, ಒಂದು ಎಳದ್ರು.
ಹೊಸ ಪಟ್ಟಿಯ ತಲಿಮ್ಯಾಲ ಬರೇ ಧಾರವಾಡ,
ದಿಕ್ಕಿಲ್ಲ.
ಶಿಗ್ಗಾಂವಿ ನಮ್ಮೊಳಗ ಬಂದಿತ್ತು.
ಶೇವಂತಾಬಾಯಿ ತೀರಿ ಆಗಲೇ ವರ್ಷ ಆಗಿತ್ತು,
ಪಟ್ಟ್ಯಾಗ ಹೆಸರು ಹೊಡದಿರಲಿಲ್ಲ.
ಕಾಕಾ ಆ ಹಾಳಿಯ ಮ್ಯಾಲ ಬಟ್ಟು ಇಟ್ಟು
ಭಾಳ ಹೊತ್ತು ಸುಮ್ಮನ ಇದ್ದ.
'ಅಕ್ಕ ಸತ್ತಮ್ಯಾಲ ನನ್ನ ಕ್ಷೇತ್ರಕ್ಕ ಬಂದ್ಲು ನೋಡು.'

ಈಗ ಅಂಗಡಿ ನನ್ನದು.
ಉಳಿದ ಚೀಟಿಯ ಕಟ್ಟು ಇನ್ನೂ ಅರ್ಧ ಐತಿ.
ಬೆನ್ನಮ್ಯಾಲ ಉದ್ರಿ ಬರೀತೇನಿ:
ಲಿಂಬು ಎರಡು, ಜೀರಾ ಒಂದು.
ಹುಡುಗರು ತಿರುವಿ ಓದತಾರ.
ಯಕ್ಕಾ, ಏನಿದು ಉತ್ತರ?
ಮೊದಲ ರೊಕ್ಕ ಕೊಡ್ರಿ, ಅಂತೇನಿ.