ಇಪ್ಪತ್ತಾರು

ಲಕ್ಷ್ಮೀ ಬಜಾರಿನ ಮಹಡಿ ಕೋಣೆ. ಕೆಳಗೆ
ಮೌನೇಶಾಚಾರರ ಕುಲುಮೆ ಆರಿ ಎಷ್ಟೋ ಹೊತ್ತಾಯಿತು.
ಮೇಲೆ, ನನ್ನ ಮೇಜಿನಲ್ಲಿ
ಅಂಗೈಯಗಲದ ಹಸಿರು ಹಲಗೆ.
ಕಾಗದಪತ್ರವಿಲ್ಲ, ಕುಲಗೋತ್ರ ಹೇಳುವವರಿಲ್ಲ,
ಸಂತೆಯಲ್ಲಿ ಕೊಂಡ ಹೋರಿಯ ಹಾಗೆ
ಸುಳಿ ನೋಡಿಯೇ ತಿಳಿಯಬೇಕು.

ಕರ್ನಲ್‌ಗೆ ಕಣ್ಣಿಲ್ಲ.
ಕೈ ಹಿಡಿದು ಹೇಳಬೇಕು: ಇದು ನೆನಪು,
ಇಲ್ಲಿಂದ ಇಲ್ಲಿಯವರೆಗೆ. ಇದು ಗಡಿಯಾರ.
ಈ ಬಾಗಿಲು ಬಡಿದರೆ ದೀಪ, ಆ ಬಾಗಿಲು ಬಡಿದರೆ ತಂತಿ.
ಹೇಳದೆ ಬಿಟ್ಟದ್ದು, ಮೂಗಿನ ಕೆಳಗಿದ್ದರೂ, ಇಲ್ಲ.

ಜನಗಣತಿಗೆ ಹೋಗಿದ್ದೆ ಒಮ್ಮೆ.
ಮೆದೇಹಳ್ಳಿ ರಸ್ತೆಯ ಹಿಂದಿನ ಸಾಲಿನಲ್ಲಿ
ಒಂದು ಮನೆ ಬಿಟ್ಟುಬಂದು ರಾತ್ರಿಯೆಲ್ಲ ಹೊರಳಾಡಿ
ಬೆಳಿಗ್ಗೆ ಮತ್ತೆ ಹೋಗಿ ಬರೆದುಕೊಂಡೆ:
ಹುಚ್ಚವ್ವ. ವಯಸ್ಸು ಗೊತ್ತಿಲ್ಲ. ಒಬ್ಬಳೇ.
ಒಂದು ಮೇಕೆ.
ಮೇಕೆಗೆ ಕಾಲಂ ಇರಲಿಲ್ಲ.

ಡಿವೈಸ್ ಟ್ರೀ ಎನ್ನುತ್ತಾರೆ ಈ ಪಟ್ಟಿಗೆ.
ಮರವೇನೋ ಬೆಳೆದಿದೆ, ಹನ್ನೊಂದು ರಾತ್ರಿಯಿಂದ
ಒಂದು ಹಕ್ಕಿ ಕೂಗಿಲ್ಲ.
ಇಲ್ಲ, ಕೂಗುತ್ತದೆ, ಅದೇ ಕಷ್ಟ.
ಮೂರು ತಂತಿ ಸಿಕ್ಕಿಸಿ ಕಾದರೆ
ಬೂಟ್‌ಲೋಡರ್ ನೆಟ್ಟಗೆ ನಾಲ್ಕು ಮಾತಾಡಿ
ಇನ್ನು ನಿನ್ನದು ಎಂದು ಕೈ ಬಿಡುತ್ತದೆ.
ಆಮೇಲೆ ಕಸ. ಚೌಕ, ಕೊಂಬು, ತಲೆಕೆಳಗಾದ ಪ್ರಶ್ನೆ,
ಬಾಯಿತುಂಬ ಹುರಿಗಡಲೆ ಇಟ್ಟುಕೊಂಡವರ ಮಾತು.

ವೇಗ ಬದಲಿಸಿದೆ. ತಂತಿ ಬದಲಿಸಿದೆ. ಕುರ್ಚಿಯನ್ನೂ.
ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳ ಕೆಂಪು ದೀಪ
ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತಿದ್ದವು,
ಅವಕ್ಕೆ ಯಾರು ಹೇಳಿಕೊಟ್ಟರೋ.
ಹಗಲು ಬಿಸಿಲು ಕುಡಿದ ಬಂಡೆ
ಹನ್ನೆರಡಾದರೂ ಕಿಟಕಿಗೆ ಕಾವು ಊದುತ್ತಿತ್ತು.
(ಕೋಟೆಯ ಉಪಮೆ ಬೇಡ.
ಈ ಊರಲ್ಲಿ ಎಲ್ಲರೂ ಅದನ್ನೇ ಕೊಡುತ್ತಾರೆ.)

ಬೆಳಿಗ್ಗೆ ಆಚಾರರು ಚಹಾ ತಂದರು.
"ಇದ್ರಾಗೆ ಬಂಗಾರ ಐತಂತಲ್ಲವ್ವ, ಎಷ್ಟು?"
ಗುಲಗಂಜಿಯ ನೂರನೇ ಪಾಲೂ ಇಲ್ಲ ಎಂದೆ.
ನಕ್ಕರು. ಆದರೂ ಅಭ್ಯಾಸ ನೋಡಿ,
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಮುದ್ರೆ ಹುಡುಕತೊಡಗಿದರು.
"ಈ ಬೆಳ್ಳಿ ಡಬ್ಬಿ ಮ್ಯಾಲೆ ಏನೋ ಕೆತ್ಯಾರೆ.
ಒಳಗೇನೈತೆ?"
ಹರಳು, ಎಂದೆ.
"ಇಪ್ಪತ್ತಾರು ಅಂತೈತೆ."

ನಾನು ಬರೆದದ್ದು ಇಪ್ಪತ್ತನಾಲ್ಕು.
ಇದರ ಒಡಹುಟ್ಟಿದ ಹಲಗೆಗಳೆಲ್ಲ ಇಪ್ಪತ್ತನಾಲ್ಕು.
ಒಬ್ಬರ ಮುಖ ನೋಡಿ ಇನ್ನೊಬ್ಬರ ನಾಡಿ ಬರೆದಿದ್ದೆ.

"ಇಪ್ಪತ್ನಾಲ್ಕರ ಮ್ಯಾಲೆ ಹೋದದ್ದು
ನನ್ನ ಜನ್ಮದಾಗೆ ಕಂಡಿಲ್ಲ ಬಿಡು,"
ಎನ್ನುತ್ತ ಇಳಿದು ಹೋದರು, ಮೆಟ್ಟಿಲಿಗೊಂದು ಕೆಮ್ಮು.

ಒಂದೇ ಒಂದು ಅಂಕಿ. ಮತ್ತೆ ಕಟ್ಟಿದೆ,
ಮತ್ತೆ ಕರೆಂಟು ಕೊಟ್ಟೆ. ಸಾಲು ಬಂತು.
ಸಾಲಿನ ಕೆಳಗೆ ಸಾಲು, ಒಂದೊಂದಕ್ಕೂ ಹೊತ್ತು ಬರೆದು,
ಗಡಿಯಾರ ಸಿಕ್ಕಿತು, ನೆನಪು ಸಿಕ್ಕಿತು, ದೀಪ ಸಿಕ್ಕಿತು,
ಬೇರಿನ ಕಡತ ಮಾತ್ರ ಎಲ್ಲೂ ಇಲ್ಲ ಎಂದು
ಅಚ್ಚ ಅಕ್ಷರದಲ್ಲಿ ಬಯ್ದು
ನಿಂತುಬಿಟ್ಟಿತು.

ಆವತ್ತು ಹುಚ್ಚವ್ವನೂ ಬಯ್ದಿದ್ದಳು:
ನಿನ್ನೆ ನನ್ನ ಕದ ಕಾಣಲಿಲ್ಲೇನೇ?
ಬಯ್ಗುಳ ಮುಗಿಯುವ ತನಕ
ಹೊಸ್ತಿಲಲ್ಲಿ ನಗುತ್ತ ನಿಂತಿದ್ದೆ.

ಚಹಾ ಆರಿತ್ತು. ಕುಡಿದೆ.